ಬಾಯಿ ಕ್ಯಾನ್ಸರ್ ಆಪರೇಷನ್ ನಂತರದ ರೇಡಿಯೇಷನ್: ಯಾರಿಗೆ ಬೇಕು, ಏನು ಸಿಗುತ್ತದೆ, ಎಲ್ಲಿ ಎಡವುತ್ತದೆ

ಕೆನ್ನೆಯ ಒಳಭಾಗ, ವಸಡು ಅಥವಾ ನಾಲಿಗೆಯ ಕ್ಯಾನ್ಸರ್ ಮೂರನೇ ಇಲ್ಲವೇ ನಾಲ್ಕನೇ ಹಂತದಲ್ಲಿದ್ದು ಆಪರೇಷನ್ ಮಾಡಿಸಿಕೊಂಡವರಿಗೆ, ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ರೇಡಿಯೇಷನ್ ವಿಭಾಗದಲ್ಲಿ ತೋರಿಸಿ. ಆ ಒಂದು ಸಾಲಿನ ಹಿಂದೆ ಆರರಿಂದ ಆರೂವರೆ ವಾರದ ಚಿಕಿತ್ಸೆ, ಅದಕ್ಕೂ ಮೊದಲು ಹದಿನೈದು ದಿನದ ತಯಾರಿ, ಆಮೇಲೆ ಜೀವನವಿಡೀ ಹಲ್ಲಿನ ಆರೈಕೆ ಇವೆ. ಬಿಡಿಸಿ ಹೇಳುವಷ್ಟು ಸಮಯ ವಾರ್ಡಿನಲ್ಲಿ ಯಾರಿಗೂ ಇರುವುದಿಲ್ಲ. ಕರ್ನಾಟಕದ ಸರ್ಕಾರಿ, ಟ್ರಸ್ಟ್ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಸಿಗುವ ಈ ಸೇವೆಯನ್ನು ಇಲ್ಲಿ ತೂಗಿ ನೋಡಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ರೇಡಿಯೇಷನ್ ಬೇಕು ಎಂದು ಆಪರೇಷನ್ ನಂತರದ ರಿಪೋರ್ಟ್ ಹೇಳಿದರೆ, ಅಂಥವರಿಗೆ ಇದು ಬೇಕೇ ಬೇಕು. ಆದರೆ ಇದರ ಫಲ ನಿಂತಿರುವುದು ಯಂತ್ರದ ಹೆಸರಿಗಿಂತ ಹೆಚ್ಚಾಗಿ ಕ್ಯಾಲೆಂಡರಿನ ಮೇಲೆ. ಆಪರೇಷನ್ ಆದ ಆರು ವಾರದೊಳಗೆ ಶುರುವಾಗಿ, ನಡುವೆ ಕಡಿಯದೆ ಮುಗಿಯಬೇಕು. ದೊಡ್ಡ ಊರಿನ ಹೊಸ ಯಂತ್ರಕ್ಕಾಗಿ ಕಾಯುತ್ತ ಒಂಬತ್ತನೇ ವಾರದಲ್ಲಿ ಶುರುಮಾಡುವುದಕ್ಕಿಂತ ಜಿಲ್ಲೆಗೆ ಹತ್ತಿರದ ಸಾಧಾರಣ ಯಂತ್ರದಲ್ಲಿ ಐದನೇ ವಾರಕ್ಕೆ ಶುರುಮಾಡುವುದು ಒಳ್ಳೆಯದು.

ಹೀಗೆ ಹೇಳುವುದಕ್ಕೆ ಆಧಾರವಿದೆ. ಒಡಿಶಾದ ಕಟಕ್‌ನಲ್ಲಿ ಕೆನ್ನೆ ಕ್ಯಾನ್ಸರಿನ ಮೂರು ಮತ್ತು ನಾಲ್ಕನೇ ಹಂತದ 140 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾತ್ರ, ಇನ್ನೊಂದಕ್ಕೆ ಆಪರೇಷನ್ ಜೊತೆ ರೇಡಿಯೇಷನ್ ಕೊಟ್ಟು ನೋಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ 38 ಪ್ರತಿಶತ, ಎರಡನೆಯದರಲ್ಲಿ 68 ಪ್ರತಿಶತ. ಇಂದು ಜಾಹೀರಾತಿನಲ್ಲಿ ಕಾಣುವ ಐಎಂಆರ್‌ಟಿ ಎಂಬ ಹೊಸ ಬಗೆಯ ರೇಡಿಯೇಷನ್ ಆಗ ಬಳಕೆಗೆ ಬಂದಿರಲಿಲ್ಲ. ನಮ್ಮ ಜನರಲ್ಲೇ, ಎಲೆಅಡಿಕೆ ಹೊಗೆಸೊಪ್ಪಿನಿಂದ ಬರುವ ಇದೇ ಬಗೆಯ ಕ್ಯಾನ್ಸರಿನಲ್ಲಿ, ಹಳೆಯ ಯಂತ್ರಗಳಿಂದಲೇ ಸಿಕ್ಕ ಲಾಭ ಇದು. ಹೊಸ ಯಂತ್ರಗಳು ಕೊಟ್ಟಿರುವ ಸುಧಾರಣೆ ಬಹುಪಾಲು ಅಡ್ಡಪರಿಣಾಮದ ಕಡೆಯದು. ಅದೂ ಮುಖ್ಯವೇ, ಮುಂದೆ ಹೇಳುತ್ತೇವೆ.

ರಿಪೋರ್ಟಿನಲ್ಲಿ ನೋಡಬೇಕಾದ್ದು

ನಿರ್ಧಾರಕ್ಕೆ ಬೇಕಾದ್ದು ಆಪರೇಷನ್‌ನಲ್ಲಿ ತೆಗೆದ ಪೂರ್ತಿ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ಹಿಸ್ಟೋಪೆಥಾಲಜಿ ರಿಪೋರ್ಟ್. ಮೊದಲು ಮಾಡಿಸಿದ್ದ ಸಣ್ಣ ಬಯಾಪ್ಸಿ ಇದಕ್ಕೆ ಸಾಲದು. ದವಡೆ ಮೂಳೆ ತೆಗೆದಿದ್ದರೆ ಅದನ್ನು ಆಮ್ಲದಲ್ಲಿ ಮೆದುಮಾಡಿ ಕತ್ತರಿಸಬೇಕಾಗುವುದರಿಂದ ರಿಪೋರ್ಟ್ ಇನ್ನಷ್ಟು ತಡವಾಗುತ್ತದೆ. ಹತ್ತನೇ ದಿನದಿಂದಲೇ ಕೇಳತೊಡಗಿ.

ಬಂದ ಮೇಲೆ ಮೊದಲು ನೋಡಬೇಕಾದ್ದು ಗೆಡ್ಡೆಯ ಅಳತೆ ಮತ್ತು ಆಳ. 2018ರಿಂದ ಜಾರಿಯಲ್ಲಿರುವ ಹಂತ ನಿರ್ಣಯದ ನಿಯಮದಲ್ಲಿ ಆಳಕ್ಕೂ ಲೆಕ್ಕವಿದೆ: ಅಗಲ 4 ಸೆಂಟಿಮೀಟರ್ ದಾಟಿದರೆ, ಅಥವಾ ಆಳ 10 ಮಿಲಿಮೀಟರ್ ದಾಟಿದರೆ ಟಿ3 (ಟಿ ಎಂದರೆ ಗೆಡ್ಡೆಯ ದರ್ಜೆ). ದವಡೆಯ ಗಟ್ಟಿ ಮೂಳೆಯನ್ನೋ ಕೆನ್ನೆಯ ಹೊರಚರ್ಮವನ್ನೋ ಹೊಕ್ಕಿದ್ದರೆ ಟಿ4. ವಸಡಿನ ಗೆಡ್ಡೆ ಹಲ್ಲಿನ ಗೂಡನ್ನು ಮೇಲ್ಮೇಲೆ ಸವೆಸಿದ ಮಾತ್ರಕ್ಕೆ ಟಿ4 ಎನ್ನುವುದಿಲ್ಲ. ಈ ಗೊಂದಲದಿಂದ ಹಂತ ಏರಿಸಿ ಬರೆದ ರಿಪೋರ್ಟ್‌ಗಳೂ ಇರುತ್ತವೆ, ಆದ್ದರಿಂದ ಮೂಳೆಯ ಬಗ್ಗೆ ಬರೆದ ವಾಕ್ಯವನ್ನು ವೈದ್ಯರ ಜೊತೆ ಕೂತು ಓದಿ.

ಆಮೇಲೆ ಮಾರ್ಜಿನ್. ಗೆಡ್ಡೆಯ ಅಂಚಿಗೂ ಕತ್ತರಿಸಿದ ಅಂಚಿಗೂ ನಡುವೆ 5 ಮಿಲಿಮೀಟರ್ ಅಥವಾ ಹೆಚ್ಚು ಆರೋಗ್ಯವಂತ ಮಾಂಸವಿದ್ದರೆ ಅದು ಸ್ವಚ್ಛ. ಅದಕ್ಕಿಂತ ಕಡಿಮೆಯಾದರೆ ಸಮೀಪದ ಮಾರ್ಜಿನ್. ಒಂದು ಮಿಲಿಮೀಟರಿಗಿಂತ ಕಡಿಮೆ, ಅಥವಾ ಅಂಚಿನಲ್ಲೇ ಕಣಗಳಿದ್ದರೆ ಪಾಸಿಟಿವ್. ಪಾಸಿಟಿವ್ ಬಂದಾಗ ನೇರವಾಗಿ ರೇಡಿಯೇಷನ್‌ಗೆ ಓಡಬಾರದು. ಆ ಜಾಗವನ್ನು ಮತ್ತೆ ಕತ್ತರಿಸಿ ತೆಗೆಯಲು ಆಗುತ್ತದೆಯೇ ಎಂದು ಸರ್ಜನ್ನರನ್ನು ಮೊದಲು ಕೇಳಬೇಕು. ಉಳಿದುಹೋದ ಗೆಡ್ಡೆಯನ್ನು ರೇಡಿಯೇಷನ್ ಸುಟ್ಟುಹಾಕುತ್ತದೆ ಎಂಬ ಭರವಸೆ ತಪ್ಪು. ಈ ಪ್ರಮಾಣದ ರೇಡಿಯೇಷನ್ ಇರುವುದು ಕಣ್ಣಿಗೆ ಕಾಣದ ಕಣಗಳಿಗೆ.

ಕತ್ತಿನ ಗಂಟುಗಳ, ಅಂದರೆ ದುಗ್ಧಗ್ರಂಥಿಗಳ ಲೆಕ್ಕ ಮೂರನೆಯದು. ಎಷ್ಟು ಗಂಟು ತೆಗೆದರು, ಎಷ್ಟರಲ್ಲಿ ಕಾಯಿಲೆ ಇತ್ತು, ಅತಿ ದೊಡ್ಡದು ಎಷ್ಟು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಂಟಿನ ಹೊರಕವಚ ಒಡೆದು ಕಾಯಿಲೆ ಸುತ್ತಲ ಕೊಬ್ಬಿಗೆ ಹರಡಿತ್ತೇ. ರಿಪೋರ್ಟಿನಲ್ಲಿ ಇದನ್ನು ಇಎನ್‌ಇ ಅಥವಾ ಇಸಿಇ ಎಂದು ಬರೆದಿರುತ್ತಾರೆ. ಒಟ್ಟು ಗಂಟು 18ಕ್ಕಿಂತ ಕಡಿಮೆ ಎಣಿಸಿದ್ದರೆ ಕತ್ತಿನ ಆಪರೇಷನ್ ಎಷ್ಟು ಪೂರ್ಣವಾಗಿತ್ತು ಎಂಬ ಪ್ರಶ್ನೆ ಏಳುತ್ತದೆ, ಆಗ ಗಂಟುಗಳಲ್ಲಿ ಏನೂ ಇಲ್ಲ ಎಂಬ ಮಾತಿಗೂ ತೂಕ ಕಡಿಮೆ. ನರದ ಸುತ್ತ ಹಬ್ಬಿದ್ದರೆ ಪಿಎನ್‌ಐ, ರಕ್ತನಾಳ ಅಥವಾ ದುಗ್ಧನಾಳದೊಳಗೆ ಇದ್ದರೆ ಎಲ್‌ವಿಐ ಎಂದು ಬರೆಯುತ್ತಾರೆ.

ಟಿ3, ಟಿ4, ಕಾಯಿಲೆ ಇರುವ ಎರಡು ಅಥವಾ ಹೆಚ್ಚು ಗಂಟು, 3 ಸೆಂಟಿಮೀಟರ್ ದಾಟಿದ ಗಂಟು, ಸಮೀಪದ ಮಾರ್ಜಿನ್ ಇವುಗಳಲ್ಲಿ ಯಾವುದಿದ್ದರೂ ರೇಡಿಯೇಷನ್ ತೆಗೆದುಕೊಳ್ಳಿ ಎಂದೇ ನಾವು ಹೇಳುವುದು. ಮಧ್ಯದ ಒಂದು ಜಾಗ ಮಾತ್ರ ನಿಜವಾಗಿಯೂ ಚರ್ಚೆಯದು: ಗೆಡ್ಡೆ ಸಣ್ಣದು, ಮಾರ್ಜಿನ್ ಸ್ವಚ್ಛ, ಒಂದೇ ಒಂದು ಸಣ್ಣ ಗಂಟು, ಕವಚ ಒಡೆದಿಲ್ಲ. ಅಥವಾ ಗಂಟೇ ಇಲ್ಲ, ಪಿಎನ್‌ಐ ಮಾತ್ರ ಇದೆ. ಇಲ್ಲಿ ತಿಳಿದವರೇ ಎರಡು ಮಾತಾಡುತ್ತಾರೆ. ಇಂಥ ಎರಡು ಸಣ್ಣ ಅಪಾಯಗಳು ಒಟ್ಟಿಗಿದ್ದರೆ ತೆಗೆದುಕೊಳ್ಳುವುದೇ ಸರಿ. ಒಂದೇ ಇದ್ದು, ಪ್ರತಿ ತಿಂಗಳೂ ತಪ್ಪದೆ ತಪಾಸಣೆಗೆ ಬರುವವರಾದರೆ ಸುಮ್ಮನಿದ್ದು ಕಾಯುವುದನ್ನೂ ಕೇಳಿ ನೋಡಬಹುದು. ಸರ್ಜನ್, ರೇಡಿಯೇಷನ್ ವೈದ್ಯರು, ಕೀಮೋ ವೈದ್ಯರು ಒಟ್ಟಿಗೆ ಕೂತು ನೋಡುವ ಟ್ಯೂಮರ್ ಬೋರ್ಡ್ ಇರುವುದು ಇದಕ್ಕೇ. ನಿಮ್ಮ ಕೇಸನ್ನು ಅಲ್ಲಿ ಇಡಿ ಎಂದು ಕೇಳುವುದು ರೋಗಿಯ ಹಕ್ಕು. ಕೇಳಿದರೆ ಬೇಸರಪಟ್ಟುಕೊಳ್ಳುವ ಆಸ್ಪತ್ರೆಗೆ ಅಂಕ ಕಳೆಯುತ್ತೇವೆ.

ಕೀಮೋ ಜೊತೆಗೆ ಬೇಕೇ?

ಕೀಮೋ ಸೇರಿಸಲು ಗಟ್ಟಿ ಕಾರಣಗಳು ಎರಡೇ: ಗಂಟಿನ ಕವಚ ಒಡೆದಿರುವುದು, ಮಾರ್ಜಿನ್ ಪಾಸಿಟಿವ್ ಇರುವುದು. 2004ರಲ್ಲಿ ಯುರೋಪಿನ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೇ ಪ್ರಕಟವಾದವು, ಮುಂದೆ ಎರಡನ್ನೂ ಸೇರಿಸಿ ನೋಡಿದಾಗ ಈ ಎರಡು ಗುಂಪಿಗೇ ಲಾಭ ಸ್ಪಷ್ಟವಾಯಿತು. ಯುರೋಪಿನ ಅಧ್ಯಯನದಲ್ಲಿ ಐದು ವರ್ಷ ಬದುಕಿದವರು ಬರೀ ರೇಡಿಯೇಷನ್ ಗುಂಪಿನಲ್ಲಿ 40 ಪ್ರತಿಶತ, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಸೇರಿಸಿದ ಗುಂಪಿನಲ್ಲಿ 53 ಪ್ರತಿಶತ. ಬೆಲೆಯೂ ಇದೆ: ತೀವ್ರ ಅಡ್ಡಪರಿಣಾಮ ಆದವರು 21ರಿಂದ 41 ಪ್ರತಿಶತಕ್ಕೆ ಏರಿದರು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 900 ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಆಪರೇಷನ್ ನಂತರ ಬರೀ ರೇಡಿಯೇಷನ್, ಕೀಮೋ ಸೇರಿಸಿದ ರೇಡಿಯೇಷನ್, ವಾರಕ್ಕೆ ಆರು ದಿನದ ರೇಡಿಯೇಷನ್ ಮೂರನ್ನೂ ಹೋಲಿಸಿತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೂರನೇ ಹಂತ ಎಂದ ಕೂಡಲೇ ಎಲ್ಲರಿಗೂ ಕೀಮೋ ಬರೆಯುವುದನ್ನು ನಾವು ಒಪ್ಪುವುದಿಲ್ಲ.

ಬರೆದರೆ ಪ್ರಮಾಣ ಕೇಳಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂನಂತೆ ಮೂರು ವಾರಕ್ಕೊಮ್ಮೆ ಕೊಡುವುದು ಹಳೆಯ ಕ್ರಮ. ಇದೇ ಚದರ ಮೀಟರ್ ಲೆಕ್ಕದಲ್ಲಿ ವಾರಕ್ಕೆ 30 ಮಿಲಿಗ್ರಾಂ ಕೊಡುವುದು ನಮ್ಮಲ್ಲಿ ತುಂಬ ರೂಢಿಯಲ್ಲಿತ್ತು, ಆದರೆ 2018ರಲ್ಲಿ ಟಾಟಾ ಸ್ಮಾರಕದ 300 ರೋಗಿಗಳ ಅಧ್ಯಯನದಲ್ಲಿ ಅದು ಹಿಂದೆ ಬಿತ್ತು: ಎರಡು ವರ್ಷದ ಹೊತ್ತಿಗೆ ಬಾಯಿ ಮತ್ತು ಕತ್ತಿನಲ್ಲಿ ಕಾಯಿಲೆ ಹತೋಟಿಯಲ್ಲಿದ್ದವರು 58.5 ಪ್ರತಿಶತ, ಮೂರು ವಾರಕ್ಕೊಮ್ಮೆ ಪಡೆದವರಲ್ಲಿ 73.1 ಪ್ರತಿಶತ. ವಾರಕ್ಕೆ 40 ಮಿಲಿಗ್ರಾಂ ಕೊಡುವ ಕ್ರಮ ಮೂರು ವಾರದ ಕ್ರಮಕ್ಕಿಂತ ಕಡಿಮೆಯಿಲ್ಲ ಎಂದು ಜಪಾನಿನ ಅಧ್ಯಯನ 2022ರಲ್ಲಿ ತೋರಿಸಿತು. ಆಪರೇಷನ್ ಆದ ರೋಗಿಗಳಿಗೆ ತಡೆದುಕೊಳ್ಳಲು ಇದು ಸುಲಭ. ಕಿಡ್ನಿ ದುರ್ಬಲವಾಗಿದ್ದರೆ, ಕಿವಿ ಮೊದಲೇ ಮಂದವಾಗಿದ್ದರೆ ಸಿಸ್‌ಪ್ಲಾಟಿನ್ ಬೇಡ. ಅಂಥವರಿಗೆ ಚದರ ಮೀಟರಿಗೆ ವಾರಕ್ಕೆ 15 ಮಿಲಿಗ್ರಾಂ ಡೋಸಿಟ್ಯಾಕ್ಸೆಲ್ ಕೊಡಬಹುದು, ಇದೂ ಟಾಟಾ ಸ್ಮಾರಕದಲ್ಲಿ ಪರೀಕ್ಷಿಸಿ ಒಪ್ಪಿದ ದಾರಿ. ವಯಸ್ಸು 70 ದಾಟಿದವರಿಗೆ ಕೀಮೋ ಸೇರಿಸುವುದರಿಂದ ಲಾಭ ಬಹಳ ಕಡಿಮೆ. ಬರೀ ರೇಡಿಯೇಷನ್ ಪೂರ್ತಿ ಮಾಡಿಸುವುದು ಅವರಿಗೆ ಕ್ಷೇಮ.

ಕ್ಯಾಲೆಂಡರ್

ಈ ಸೇವೆ ಹೆಚ್ಚಾಗಿ ಸೋಲುವುದು ಇಲ್ಲಿ. ಆಪರೇಷನ್ ದಿನದಿಂದ ಕೊನೆಯ ಸಿಟ್ಟಿಂಗ್‌ವರೆಗೆ ಒಟ್ಟು 11 ವಾರದೊಳಗೆ ಮುಗಿದರೆ ಒಳ್ಳೆಯ ಫಲ, 100 ದಿನ ದಾಟಿದರೆ ಫಲ ಇಳಿಯುತ್ತದೆ. ರೇಡಿಯೇಷನ್‌ಗೇ ಆರೂವರೆ ವಾರ ಬೇಕು. ಉಳಿಯುವುದು ನಾಲ್ಕೂವರೆ ವಾರ. ಅದರಲ್ಲಿ ಗಾಯ ಮಾಯಬೇಕು, ರಿಪೋರ್ಟ್ ಬರಬೇಕು, ಹಲ್ಲು ಕೀಳಿಸಬೇಕು, ತಲೆ ಅಲ್ಲಾಡದಂತೆ ಹಿಡಿಯುವ ಮಾಸ್ಕ್ ಮಾಡಬೇಕು, ಸ್ಕ್ಯಾನ್ ಆಗಬೇಕು, ಪ್ಲಾನ್ ತಯಾರಾಗಬೇಕು, ಸರ್ಕಾರಿ ಆರೋಗ್ಯ ಯೋಜನೆಯ ಮಂಜೂರಾತಿ ಸಿಗಬೇಕು. ಒಂದಾದ ಮೇಲೆ ಒಂದು ಎಂದು ಹೊರಟರೆ ಆಗುವ ಕೆಲಸವಲ್ಲ, ಎಲ್ಲವೂ ಒಟ್ಟೊಟ್ಟಿಗೆ ನಡೆಯಬೇಕು. ಆಪರೇಷನ್ ಆದ ಎರಡನೇ ವಾರದ ಕೊನೆಗೆ ರಿಪೋರ್ಟ್ ಬರದಿದ್ದರೂ ರೇಡಿಯೇಷನ್ ವಿಭಾಗದಲ್ಲಿ ಹೆಸರು ಬರೆಸಿ.

ತಡವಾಗುವ ಕಾರಣಗಳು ಎಲ್ಲ ಊರಲ್ಲೂ ಒಂದೇ ಥರ. ಎದೆಯಿಂದಲೋ ಕಾಲಿನಿಂದಲೋ ತಂದು ಹೊಲಿದ ಮಾಂಸದ ತುಂಡಿನ (ಫ್ಲ್ಯಾಪಿನ) ಒಂದು ಅಂಚು ಬಿಟ್ಟುಕೊಂಡು ಎಂಜಲು ಸೋರುತ್ತದೆ. ಪೂರ್ತಿ ಒಣಗಲಿ ಎಂದು ಮನೆಯಲ್ಲೇ ಕೂರುತ್ತಾರೆ. ಸಣ್ಣ ಸೋರಿಕೆ ಇದ್ದರೂ ಮಾಸ್ಕ್, ಸ್ಕ್ಯಾನ್ ಕೆಲಸ ಶುರುಮಾಡಬಹುದು, ಎಷ್ಟು ಕಾಯಬೇಕು ಎಂಬುದನ್ನು ಸರ್ಜನ್ ಮತ್ತು ರೇಡಿಯೇಷನ್ ವೈದ್ಯರು ಗಾಯ ನೋಡಿ ಹೇಳಲಿ. ಆಷಾಢ, ಪಿತೃಪಕ್ಷ, ಸುಗ್ಗಿ, ಮನೆಯ ಮದುವೆ ಎಂದು ಮುಂದೂಡುವವರೂ ಇದ್ದಾರೆ. ಕ್ಯಾನ್ಸರ್ ಕಣಗಳಿಗೆ ಪಂಚಾಂಗವಿಲ್ಲ. ದಯವಿಟ್ಟು ಮುಂದೂಡಬೇಡಿ.

ಶುರುವಾದ ಮೇಲೆ ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಿಟ್ಟಿಂಗ್, 2 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ). ಸಾಮಾನ್ಯವಾಗಿ 30 ಸಿಟ್ಟಿಂಗ್‌ನಲ್ಲಿ 60 ಗ್ರೇ. ಕವಚ ಒಡೆದ ಅಥವಾ ಮಾರ್ಜಿನ್ ಪಾಸಿಟಿವ್ ಇದ್ದ ಜಾಗಕ್ಕೆ 33ರಲ್ಲಿ 66 ಗ್ರೇ. ನಾಲ್ಕನೇ ವಾರದ ಹೊತ್ತಿಗೆ ಉಳಿದ ಕಣಗಳು ವೇಗವಾಗಿ ಬೆಳೆಯತೊಡಗುತ್ತವೆ. ಬಾಯಿಹುಣ್ಣು ಅತಿಯಾಗಿ ರೋಗಿ ಮನೆಗೆ ಹೋಗಿಬಿಡುವುದೂ ಅದೇ ಹೊತ್ತಿಗೆ. ಎರಡು ದಿನಕ್ಕಿಂತ ಹೆಚ್ಚು ಲಂಬಿಸಬಾರದು ಎಂಬುದು ಬ್ರಿಟನ್ನಿನ ರೇಡಿಯಾಲಜಿಸ್ಟರ ಸಂಘದ ನಿಯಮ. ಯಂತ್ರ ಕೆಟ್ಟೋ ರಜೆ ಬಂದೋ ತಪ್ಪಿದ ದಿನವನ್ನು ಶನಿವಾರ ಕೊಟ್ಟು, ಅಥವಾ ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಸಿಟ್ಟಿಂಗ್ ಕೊಟ್ಟು ಸರಿದೂಗಿಸಬಹುದು. ಕೊನೆಗೆ ಒಂದು ದಿನ ಸೇರಿಸಿದರಾಯಿತು ಎನ್ನುವುದು ಸುಲಭದ ದಾರಿ, ಒಳ್ಳೆಯ ದಾರಿಯಲ್ಲ. ಯಂತ್ರ ಕೆಟ್ಟರೆ ಏನು ಮಾಡುತ್ತೀರಿ ಎಂದು ಹೆಸರು ಬರೆಸುವಾಗಲೇ ಕೇಳಿ. ಒಂದೇ ಬಗೆಯ ಎರಡು ಯಂತ್ರಗಳಿರುವ ಕೇಂದ್ರಕ್ಕೆ ಈ ಒಂದು ವಿಷಯದಲ್ಲಿ ದೊಡ್ಡ ಅನುಕೂಲವಿದೆ.

ಯಂತ್ರದ ಮಾತು

ನಮ್ಮಲ್ಲಿ ಎರಡು ಬಗೆಯ ಯಂತ್ರಗಳಿವೆ. ಕೋಬಾಲ್ಟ್ ಹಳೆಯದು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಯಂತ್ರವನ್ನು ತಯಾರಿಸುವುದು ಬೆಂಗಳೂರಿನ ಪನೇಷಿಯಾ ಕಂಪನಿ. ಕೋಬಾಲ್ಟ್ ಮೂಲದ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಮೂಲ ಬದಲಿಸದಿದ್ದರೆ ಅಷ್ಟೇ ಪ್ರಮಾಣಕ್ಕೆ ಎರಡರಷ್ಟು ಹೊತ್ತು ಮಾಸ್ಕಿನಡಿ ಮಲಗಬೇಕು. ಇನ್ನೊಂದು ಲೀನಿಯರ್ ಆಕ್ಸಲರೇಟರ್, ವಿದ್ಯುತ್ತಿನಿಂದ ಕಿರಣ ಹುಟ್ಟಿಸುವಂಥದ್ದು. ಐಎಂಆರ್‌ಟಿ ಇದರಲ್ಲಿ ಮಾತ್ರ: ಕಿರಣಗಳ ಆಕಾರವನ್ನು ಬದಲಿಸುತ್ತ ಎಂಜಲುಗ್ರಂಥಿ, ಬೆನ್ನುಹುರಿಗಳನ್ನು ಆದಷ್ಟು ಬದಿಗಿಟ್ಟು ಕೊಡುತ್ತಾರೆ. ಗಂಟಲ ಕ್ಯಾನ್ಸರಿನ 94 ರೋಗಿಗಳ ಬ್ರಿಟಿಷ್ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಬಾಯಿ ತೊಂದರೆ ಕೊಡುವಷ್ಟು ಒಣಗಿದವರು ಹಳೆಯ ಕ್ರಮದಲ್ಲಿ 74 ಪ್ರತಿಶತ, ಐಎಂಆರ್‌ಟಿಯಲ್ಲಿ 38. ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ರೊಟ್ಟಿ, ಮುದ್ದೆ ನುಂಗಿ ಬದುಕಬೇಕಾದವರಿಗೆ ಎಂಜಲು ಸಣ್ಣ ವಿಷಯವಲ್ಲ. ಸಮಯಕ್ಕೆ ಸಿಗುವುದಾದರೆ ಐಎಂಆರ್‌ಟಿಯನ್ನೇ ಆರಿಸಿ. ಎರಡು ತಿಂಗಳ ಸರದಿ ಇದ್ದರೆ ಸಿಗುವ ಯಂತ್ರದಲ್ಲಿ ಶುರುಮಾಡಿ. ಪ್ರೋಟಾನ್ ಎಂಬ ಇನ್ನೊಂದು ಬಗೆಯ ಕಿರಣದ ಚಿಕಿತ್ಸೆ ಚೆನ್ನೈನಲ್ಲೂ ನವಿ ಮುಂಬೈನ ಟಾಟಾ ಕೇಂದ್ರದಲ್ಲೂ ಇದೆ. ಈ ಹಂತದ ಬಾಯಿ ಕ್ಯಾನ್ಸರಿಗೆ ಅದಕ್ಕಾಗಿ ಹೊಲ ಮಾರುವ ಅಗತ್ಯವಿಲ್ಲ.

ಯಂತ್ರದ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕತ್ತಿನ ಎರಡೂ ಬದಿಗೆ ಕೊಡುತ್ತೀರೋ, ಒಂದೇ ಬದಿಗೋ? ನಾಲಿಗೆ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಎರಡೂ ಬದಿ ಬೇಕಾಗುತ್ತದೆ. ಕೆನ್ನೆಯ ಗೆಡ್ಡೆ ಮಧ್ಯದ ಕಡೆ ಹಬ್ಬದೆ ಒಂದೇ ಬದಿಯಲ್ಲಿದ್ದರೆ ಬಹಳಷ್ಟು ಜನರಿಗೆ ಆ ಬದಿ ಸಾಕು. ಆಗ ಇನ್ನೊಂದು ಬದಿಯ ಎಂಜಲುಗ್ರಂಥಿ ಪೂರ್ತಿ ಉಳಿಯುತ್ತದೆ.

ತಯಾರಿಯ ದಿನ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ, ಹಸಿ ಹಪ್ಪಳದಂತೆ ಮೆತ್ತಗಾದಾಗ ಮುಖ, ಕತ್ತು, ಭುಜದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ತೂತುಗಳಿರುತ್ತವೆ. ಅದನ್ನು ತೊಟ್ಟೇ ಸಿಟಿ ಸ್ಕ್ಯಾನ್. ಗಡ್ಡ ಮೀಸೆ ಮೊದಲೇ ಟ್ರಿಮ್ಮರಿನಲ್ಲಿ ತೆಗೆದು ಹೋಗಿ, ಆಮೇಲೆ ತೆಗೆದರೆ ಮಾಸ್ಕ್ ಸಡಿಲವಾಗುತ್ತದೆ. ಆಹಾರ ಕೊಡಲು ಮೂಗಿನ ನಳಿಗೆ ಹಾಕಿಸುವುದಿದ್ದರೆ ಅದೂ ಸ್ಕ್ಯಾನಿಗೆ ಮೊದಲೇ ಆಗಲಿ. ಗೆಡ್ಡೆ ಹೊರಚರ್ಮ ಹೊಕ್ಕಿದ್ದರೆ ಚರ್ಮದ ಮೇಲೆ ಮೇಣದಂಥ ಪದರ ಇಡಬೇಕಾಗುತ್ತದೆ, ಇಲ್ಲದಿದ್ದರೆ ಚರ್ಮಕ್ಕೆ ಸಾಕಷ್ಟು ಪ್ರಮಾಣ ಸಿಗುವುದಿಲ್ಲ. ಆಪರೇಷನ್‌ಗೆ ಮುಂಚಿನ ಸ್ಕ್ಯಾನ್ ಸಿಡಿಯನ್ನು ತಪ್ಪದೆ ಒಯ್ಯಿರಿ. ಗೆಡ್ಡೆ ಎಲ್ಲಿತ್ತು ಎಂಬುದು ಆಪರೇಷನ್ ಆದ ಬಾಯಿಯಲ್ಲಿ ಕಾಣುವುದಿಲ್ಲ. ಪ್ಲಾನ್ ಬರೆಯುವವರಿಗೆ ಅದೇ ನಕ್ಷೆ.

ಹಲ್ಲು ಮತ್ತು ಊಟ: ಅತಿ ದುರ್ಬಲ ಕೊಂಡಿಗಳು

ಯಂತ್ರಕ್ಕೆ ಕೋಟಿಗಟ್ಟಲೆ ಹಾಕಿದ ಕೇಂದ್ರಗಳಲ್ಲೂ ಹಲ್ಲಿನ ವೈದ್ಯರ ಕೋಣೆ ಇನ್ನೊಂದು ಕಟ್ಟಡದಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ. ಇದು ದೊಡ್ಡ ಕೊರತೆ. ರೇಡಿಯೇಷನ್ ಬಿದ್ದ ದವಡೆಗೆ ರಕ್ತ ಸಂಚಾರ ಶಾಶ್ವತವಾಗಿ ಕುಗ್ಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಸತ್ತು ಹೊರಗೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಉಳಿಸಲಾಗದ ಹುಳುಕು ಹಲ್ಲು, ಅಲ್ಲಾಡುವ ಹಲ್ಲು, ಬೇರು ಮಾತ್ರ ಉಳಿದ ಹಲ್ಲುಗಳನ್ನು ಮೊದಲೇ ಕೀಳಿಸಬೇಕು, ಕಿತ್ತ ಮೇಲೆ ಶುರುವಿಗೆ ಎರಡು ವಾರವಾದರೂ ಬೇಕು. ಆಪರೇಷನ್ ದಿನವೇ, ಅದೇ ಅರಿವಳಿಕೆಯಲ್ಲಿ ಈ ಹಲ್ಲುಗಳನ್ನೂ ತೆಗೆಸಿಬಿಟ್ಟರೆ ಕ್ಯಾಲೆಂಡರಿನಲ್ಲಿ ಎರಡು ವಾರ ಉಳಿಯುತ್ತದೆ. ಆಪರೇಷನ್ ಇನ್ನೂ ಆಗದವರು ಇದನ್ನು ಓದುತ್ತಿದ್ದರೆ ಸರ್ಜನ್ನರಿಗೆ ಇಂದೇ ಹೇಳಿ. ಉಳಿದ ಹಲ್ಲುಗಳಿಗೆ ಫ್ಲೋರೈಡ್ ಜೆಲ್ ಜೀವನವಿಡೀ ಬೇಕು, ಎಂಜಲಿಲ್ಲದ ಬಾಯಲ್ಲಿ ಹುಳುಕು ತಿಂಗಳುಗಳಲ್ಲೇ ಹಬ್ಬುತ್ತದೆ.

ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ, ಬಾಯಿ ಕೆಂಪಾಗುತ್ತದೆ. ಮೂರನೇ ವಾರದಿಂದ ಹುಣ್ಣು, ಐದನೇ ವಾರದಿಂದ ಮುಗಿದ ಎರಡು ವಾರದವರೆಗೆ ಅತಿ ಕಷ್ಟದ ಕಾಲ. ಚಿಕಿತ್ಸೆ ಮುಗಿದ ದಿನ ನೋವು ಮುಗಿಯುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ಆರೆಂಟು ಸಲ ಮುಕ್ಕಳಿಸಬೇಕು, ಪ್ರತಿದಿನ ಹೊಸದಾಗಿ ಮಾಡಬೇಕು. ಅಂಗಡಿಯ ಖಾರದ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಬೆಂಜಿಡಮಿನ್ ಮುಕ್ಕಳಿಸುವ ಔಷಧಿ ಮೊದಲ ದಿನದಿಂದಲೇ ಬರೆಸಿಕೊಂಡರೆ ಒಳ್ಳೆಯದು. ಉರಿದರೆ ಅರ್ಧಕ್ಕರ್ಧ ನೀರು ಬೆರೆಸಿ. ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ತೋರಿಸಿ, ಮಾತ್ರೆಗೆ ಬೇಗ ಬಗ್ಗುತ್ತದೆ. ನೋವಿಗೆ ಮಾರ್ಫಿನ್ ಬರೆದರೆ ಕೊನೆಗಾಲ ಬಂತೆಂದು ಹೆದರಬೇಡಿ, ಹುಣ್ಣು ಮಾದ ಮೇಲೆ ಅದನ್ನು ನಿಧಾನಕ್ಕೆ ನಿಲ್ಲಿಸುತ್ತಾರೆ. ಜೊತೆಗೆ ಮಲಬದ್ಧತೆಗೆ ಔಷಧಿ ಬೇಕೇ ಬೇಕು.

60 ಕೆಜಿ ತೂಕದವರಿಗೆ ಈ ಅವಧಿಯಲ್ಲಿ ದಿನಕ್ಕೆ ಸುಮಾರು 1,800 ಕ್ಯಾಲೊರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಆದರೆ ಮನೆಯಲ್ಲಿ ಕೊಡುವುದು ತೆಳ್ಳನೆಯ ರಾಗಿ ಗಂಜಿ, ಎಳನೀರು. ಎರಡು ಚಮಚ ರಾಗಿ ಹಿಟ್ಟಿನ ಗಂಜಿಯಲ್ಲಿ ನೂರು ಕ್ಯಾಲೊರಿಯೂ ಕಷ್ಟ. ಹೊಟ್ಟೆ ನೀರಿನಿಂದ ತುಂಬುತ್ತದೆ, ತೂಕ ಇಳಿಯುತ್ತಲೇ ಹೋಗುತ್ತದೆ. ಅದೇ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಮಾಡಿ, ಹಾಲಿನ ಪುಡಿ, ನುಣ್ಣಗೆ ಅರೆದ ಶೇಂಗಾ, ತುಪ್ಪ ಸೇರಿಸಿ. ತೊವ್ವೆಯನ್ನು ಗಟ್ಟಿಯಾಗಿ ಬೇಯಿಸಿ ಮಿಕ್ಸಿಗೆ ಹಾಕಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೆ ಮೂರು ನಾಲ್ಕು ಬೇಯಿಸಿ, ಹಾಲಿನಲ್ಲಿ ಅರೆದು ಕೊಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಶುರುವಿನ ತೂಕದ 10 ಪ್ರತಿಶತ ಇಳಿದರೆ ಮಾಸ್ಕ್ ಸಡಿಲವಾಗಿ ಕಿರಣ ಬೀಳುವ ಜಾಗವೇ ಜರುಗಬಹುದು, ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಬೇಕಾಗಬಹುದು. ಅಷ್ಟರವರೆಗೆ ಕಾಯದೆ, ಬಾಯಿಂದ ಅರ್ಧದಷ್ಟೂ ಹೋಗುತ್ತಿಲ್ಲ ಎಂದಾಗಲೇ ಮೂಗಿನ ನಳಿಗೆ ಒಪ್ಪಿಕೊಳ್ಳಿ. ನಳಿಗೆಯಲ್ಲಿ ಕೊಡುವಾಗ ಬಟ್ಟೆಯಲ್ಲಿ ಸೋಸಿ, ಒಂದು ಸಲಕ್ಕೆ 200ರಿಂದ 250 ಮಿಲಿಲೀಟರ್, ಎರಡು ಗಂಟೆಗೊಮ್ಮೆ, ಕೂರಿಸಿ. ಮೊದಲೂ ಕೊನೆಗೂ 30 ಮಿಲಿಲೀಟರ್ ನೀರು ಬಿಡಬೇಕು. ಮಾತ್ರೆ ಪುಡಿ ನೇರ ಹಾಕಿದರೆ ನಳಿಗೆ ಕಟ್ಟುತ್ತದೆ.

ಬಾಯಿ ತೆರೆಯುವ ವ್ಯಾಯಾಮ ಮೊದಲ ದಿನದಿಂದ ಶುರುವಾಗಬೇಕು. ಗುಟ್ಕಾ, ಅಡಿಕೆ ಅಗಿದವರ ಬಾಯಿ ಮೊದಲೇ ಬಿಗಿದಿರುತ್ತದೆ, ಆಪರೇಷನ್ ಮತ್ತಷ್ಟು ಬಿಗಿಯುತ್ತದೆ, ರೇಡಿಯೇಷನ್ ಅದನ್ನು ಗಟ್ಟಿಮಾಡುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ನಾಲ್ಕೈದು ಸಲ ಹಿಡಿಯಬೇಕು. ಎಷ್ಟು ಕಡ್ಡಿ ಹೋಯಿತು ಎಂಬ ಲೆಕ್ಕ ಇಟ್ಟರೆ ಇಳಿಕೆ ಕೂಡಲೇ ಗೊತ್ತಾಗುತ್ತದೆ. ಮುಂಬಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಾಯಿ ಬಿಗಿತ ಎನ್ನುತ್ತಾರೆ. ಇದನ್ನು ಕಲಿಸಿಕೊಡುವ ಫಿಸಿಯೋಥೆರಪಿಸ್ಟ್ ಇಲ್ಲದ ಕೇಂದ್ರದಲ್ಲಿ ನರ್ಸನ್ನಾದರೂ ಕೇಳಿ ಕಲಿಯಿರಿ. ಚಿಕಿತ್ಸೆಯ ನಡುವೆ ಹೊಗೆಸೊಪ್ಪು ಮುಂದುವರಿಸಿದರೆ ಹುಣ್ಣೂ ಹೆಚ್ಚು, ಫಲವೂ ಕಡಿಮೆ.

ಖರ್ಚು ಮತ್ತು ಜಾಗ

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪ್ರತಿಶತವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಬೇಕು. ರೆಫರಲ್‌ಗಾಗಿ ಓಡಾಡುವುದರಲ್ಲೇ ವಾರ ಹೋಗುತ್ತದೆ, ಆದ್ದರಿಂದ ಹೊಲಿಗೆ ಬಿಚ್ಚಿಸುವ ಮೊದಲೇ ಅದನ್ನು ಮಾಡಿಟ್ಟುಕೊಳ್ಳಿ. ಆಪರೇಷನ್‌ನಲ್ಲೇ ಆ ವರ್ಷದ ಮೊತ್ತ ಎಷ್ಟು ಖರ್ಚಾಗಿದೆ ಎಂದು ಯೋಜನೆಯ ಕೌಂಟರಿನಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿಯಲ್ಲಿ ಹಣ ಕಟ್ಟುವವರು ಲಿಖಿತ ಅಂದಾಜು ಪಡೆಯಬೇಕು. ಮಾಸ್ಕ್, ಪ್ಲಾನಿಂಗ್ ಸ್ಕ್ಯಾನ್, ಪ್ರತಿದಿನದ ಸರಿಹೊಂದಿಕೆ ಸ್ಕ್ಯಾನ್, ಮರು ಪ್ಲಾನ್, ಕೀಮೋ, ಡ್ರಿಪ್ ಹಾಕಿಸಿಕೊಳ್ಳುವ ದಿನಗಳ ಅಡ್ಮಿಷನ್ ಇವು ಪ್ಯಾಕೇಜಿನ ಒಳಗೋ ಹೊರಗೋ ಎಂಬುದು ಅದರಲ್ಲಿರಲಿ.

ಬೆಂಗಳೂರಿನ ಕಿದ್ವಾಯಿ 1973ರಿಂದ ಇದೆ, ರೋಗಿಯ ಜೊತೆ ಬಂದವರಿಗೆ ಧರ್ಮಶಾಲೆಯೂ ಇದೆ, ಸರದಿಯೂ ಅಷ್ಟೇ ಉದ್ದ. ಹುಬ್ಬಳ್ಳಿಯ ನವನಗರ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿ, ಕಲಬುರಗಿಗಳಲ್ಲೂ ರೇಡಿಯೇಷನ್ ಸಿಗುತ್ತದೆ. ಆಪರೇಷನ್ ಎಲ್ಲೇ ಆಗಿರಲಿ, ರೇಡಿಯೇಷನ್ ಅಲ್ಲೇ ಆಗಬೇಕೆಂಬ ನಿಯಮವಿಲ್ಲ. ದಿನವೂ ಹೋಗಿಬರುವ ಚಿಕಿತ್ಸೆಯಾದ್ದರಿಂದ ಮನೆಗೋ ನೆಂಟರಿಗೋ ಹತ್ತಿರದ ಕೇಂದ್ರ ಒಳ್ಳೆಯದು. ಐದನೇ ವಾರದಲ್ಲಿ ಎರಡು ಗಂಟೆ ಬಸ್ಸಿನಲ್ಲಿ ಕೂರುವ ಶಕ್ತಿ ರೋಗಿಗೆ ಇರುವುದಿಲ್ಲ. ದೂರ ಹೋಗಲೇಬೇಕಾದರೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ ರಿಯಾಯಿತಿ ಇದೆ, ಜೊತೆಯವರಿಗೆ 75 ಪ್ರತಿಶತ. ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಿ.

ಮುಗಿದ ಮೇಲೆ

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ. ಪೆಟ್ ಸ್ಕ್ಯಾನ್ ಬೇಕಾದರೂ ಮುಗಿದ 12 ವಾರದ ಮೊದಲು ಮಾಡಿಸಬೇಡಿ. ಊತವನ್ನೇ ಕಾಯಿಲೆ ಎಂದು ತೋರಿಸಿ ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಕತ್ತಿಗೆ ರೇಡಿಯೇಷನ್ ಆದವರಿಗೆ ಥೈರಾಯ್ಡ್ ನಿಧಾನವಾಗುವುದು ಸಾಮಾನ್ಯ, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಸುಸ್ತು, ಮೈ ಊತ ಎಂದು ಟಾನಿಕ್ ಕುಡಿಯುತ್ತ ಕೂತವರಲ್ಲಿ ಎಷ್ಟೋ ಜನರ ತೊಂದರೆ ಇದೇ ಆಗಿರುತ್ತದೆ.

ಕೊನೆಯ ಸಿಟ್ಟಿಂಗ್ ದಿನ ಒಂದು ಕಾಗದ ಮತ್ತು ಒಂದು ಸಿಡಿ ಕೇಳಿ ಪಡೆಯಿರಿ. ಕಾಗದದಲ್ಲಿ ಒಟ್ಟು ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಶುರುವಾದ ಮತ್ತು ಮುಗಿದ ದಿನ, ಯಾವ ಬದಿ, ಕೀಮೋ ಎಷ್ಟು ಎಂಬುದಿರಲಿ. ಸಿಡಿಯಲ್ಲಿ ಪ್ಲಾನ್ ಇರಲಿ. ಐದು ವರ್ಷ ಬಿಟ್ಟು ಹಲ್ಲುನೋವೆಂದು ಊರಿನ ದಂತವೈದ್ಯರ ಬಳಿ ಹೋದಾಗ, ಆ ಹಲ್ಲಿನ ಬುಡದ ದವಡೆಗೆ ಎಷ್ಟು ಗ್ರೇ ಬಿದ್ದಿದೆ ಎಂಬುದು ಆ ಪ್ಲಾನಿನಿಂದ ಮಾತ್ರ ತಿಳಿಯುತ್ತದೆ, ಕೀಳಬಹುದೋ ಬೇರುಚಿಕಿತ್ಸೆ ಮಾಡಿ ಉಳಿಸಬೇಕೋ ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸಬೇಕು.